ಕ್ಯಾಮೆರಾ ಆಮೇಲೆ, ಮೊದಲು ಪೆನ್ಸಿಲ್

ಚನ್ನಪಟ್ಟಣದ ಒಂದು ಲೇಥ್ (ಮರವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) ಮುಂದೆ ಕೂತು ಮೊದಲ ಸಲ ವಿಡಿಯೊ ಮಾಡಿದಾಗ ನನ್ನ ಫೋನ್ ತುಂಬಿ ಹೋಗಿತ್ತು. ಮನೆಗೆ ಬಂದು ಎಡಿಟ್ ಮಾಡಲು ಕೂತೆ. ಒಂದು ಶಾಟ್‌ನಲ್ಲಿ ಬುಗುರಿ ಬರೀ ಮರ, ಮುಂದಿನದರಲ್ಲಿ ಕೆಂಪು ಕೆಂಪು. ಬಣ್ಣ ಹಚ್ಚಿದ್ದು ಯಾವಾಗ? ಆ ಹೊತ್ತಿಗೆ ನಾನು ಕಿಟಕಿ ಬಳಿಯ ಗೊಂಬೆ ಸಾಲನ್ನು ತೆಗೆಯುತ್ತಾ ನಿಂತಿದ್ದೆ! ಅದೇ ಬುಗುರಿ ವಿಡಿಯೊವನ್ನು ಶೂಟಿಂಗ್‌ಗೆ ಮೊದಲೇ ಕಾಗದದ ಮೇಲೆ ಹೊಸದಾಗಿ ಯೋಜಿಸುವುದು ಹೇಗೆ ಅಂತ ನೋಡೋಣ.

ಒಂದು ಸಲ ಸುಮ್ನೆ ಹೋಗಿ ಬನ್ನಿ

ಫೋನ್ ಜೇಬಲ್ಲೇ ಇರಲಿ. ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ ಅಂತ ಬರೆದುಕೊಳ್ಳಿ. ಆಲೆ ಮರದ ತುಂಡನ್ನು ಲೇಥ್‌ಗೆ ಸಿಕ್ಕಿಸುತ್ತಾರೆ. ಉಳಿ ತಾಗಿದೊಡನೆ ಚಕ್ಕೆ ಹಾರುತ್ತದೆ. ಆಮೇಲೆ ಸ್ಯಾಂಡ್ ಪೇಪರ್. ಸುತ್ತುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ.

ಕಿಟಕಿಯಿಂದ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ ಅಂತಲೂ ಗುರುತು ಮಾಡಿಕೊಳ್ಳಿ. ಶೂಟಿಂಗ್‌ಗೆ ಅದೇ ಹೊತ್ತಿಗೆ ಹೋಗಬೇಕು, ಅಲ್ವಾ? ಟ್ಯೂಬ್‌ಲೈಟ್ ಇದ್ದರೆ ಇನ್ನೊಂದು ತಲೆನೋವು. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಬೆಳಕೂ ಅದರ ಜೊತೆ ಮಿಣುಕುತ್ತದೆ. ವಿಡಿಯೊ ಮಿಣುಕಿದರೆ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟು ನೋಡಿ.

ಕಾಗದ ಮಡಚಿ

ಒಂದೂವರೆ ನಿಮಿಷದ ವಿಡಿಯೊ ಅಂದರೆ 90 ಸೆಕೆಂಡ್. ಒಂದು ಶಾಟ್ ಸುಮಾರು 4 ಸೆಕೆಂಡ್ ನಿಂತರೆ 22 ಶಾಟ್ ಬೇಕು. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ 8 ಮನೆ ಸಿಗುತ್ತವೆ. ಮೂರು ಹಾಳೆಗೆ 24 ಮನೆ, ಲೆಕ್ಕ ಸರಿಹೋಯಿತು. ಪ್ರತಿ ಮನೆಯಲ್ಲೂ ಒಂದು ಚೌಕಟ್ಟು ಬರೆಯಿರಿ. ಯೂಟ್ಯೂಬ್‌ಗಾದರೆ ಅಡ್ಡ, ರೀಲ್ಸ್‌ಗಾದರೆ ಉದ್ದ. ಇದನ್ನು ಈಗಲೇ ತೀರ್ಮಾನಿಸಿ. ಅಡ್ಡ ತೆಗೆದದ್ದನ್ನು ಆಮೇಲೆ ಉದ್ದಕ್ಕೆ ಕತ್ತರಿಸಿದರೆ ಲೇಥ್ ಇರುತ್ತದೆ, ಮನುಷ್ಯ ಇರುವುದಿಲ್ಲ.

ಚಿತ್ರ ಬರೆಯಲು ಬರಲ್ಲ ಅಂತ ಹಿಂಜರಿಯಬೇಡಿ. ನಿರ್ದೇಶಕ ಸತ್ಯಜಿತ್ ರೇ ತಮ್ಮ ಮೊದಲ ಸಿನಿಮಾದ ದೃಶ್ಯಗಳನ್ನು ಚಿತ್ರವಾಗಿ ಬರೆದು ನಿರ್ಮಾಪಕರಿಗೆ ತೋರಿಸಿದ್ದರು ನಿಜ, ಆದರೆ ಅವರು ಜಾಹೀರಾತು ಕಂಪನಿಯಲ್ಲಿ ಕಲಾವಿದರಾಗಿದ್ದವರು. ನಮಗೆ ಕಡ್ಡಿ ಮನುಷ್ಯ ಸಾಕು.

ನಾನು ಕಳೆದುಕೊಂಡಿದ್ದ ಬಣ್ಣದ ಭಾಗವನ್ನೇ ತೆಗೆದುಕೊಳ್ಳಿ. ಮೊದಲ ಮನೆಯಲ್ಲಿ ಮಿಡ್ ಶಾಟ್ (ಸೊಂಟದಿಂದ ಮೇಲೆ ಕಾಣುವಂತೆ): ಕುಶಲಕರ್ಮಿ ಕಡ್ಡಿಗೆ ಕೈ ಚಾಚುತ್ತಾರೆ. ಎರಡನೆಯದು ಕ್ಲೋಸ್ ಅಪ್: ಬೆರಳು ಕೆಂಪು ಕಡ್ಡಿ ಎತ್ತುತ್ತದೆ. ಮೂರನೆಯದು ಇನ್ನೂ ಹತ್ತಿರ: ಅರಗು ಮರಕ್ಕೆ ತಾಗಿ ಕೆಂಪು ಪಟ್ಟಿ ಹರಡುತ್ತದೆ. ನಾಲ್ಕನೆಯದರಲ್ಲಿ ಅವರ ಮುಖ. ಐದರಲ್ಲಿ ಪೂರ್ತಿ ಕೆಂಪಾದ ಬುಗುರಿ. ಪಕ್ಕದಲ್ಲಿ ಬಾಣ ಹಾಕಿ ಕೈ ಎತ್ತ ಚಲಿಸುತ್ತದೆ ಅಂತ ತೋರಿಸಿ, ಯಾವ ಸದ್ದು ಬೇಕು ಅಂತ ಬರೆಯಿರಿ. ಈಗ ನಾಲ್ಕನೇ ಮನೆಯನ್ನು ಬೆರಳಿಂದ ಮುಚ್ಚಿ ನೋಡಿ. ಬುಗುರಿ ಮೂರರಿಂದ ಐದಕ್ಕೆ ಹಾರಿದಂತೆ ಕಾಣುತ್ತದೆ. ಆ ಮುಖದ ಶಾಟ್ ಮಧ್ಯದ ಕೆಲಸವನ್ನೆಲ್ಲ ನುಂಗಿಬಿಡುತ್ತದೆ. ಇಂಥ ಶಾಟ್ ಕಾಗದದ ಮೇಲೆ ಮಾತ್ರ ಮೊದಲೇ ನೆನಪಾಗುತ್ತದೆ.

ಮೇಲಿಂದ ಒಂದು ನಕ್ಷೆ

ಚಾವಣಿಯಿಂದ ನೋಡಿದಂತೆ ಕೋಣೆ ಬರೆಯಿರಿ. ಲೇಥ್, ಕಿಟಕಿ, ಕೂರುವ ಜಾಗ. ಲೇಥ್‌ನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಎಲ್ಲಿಟ್ಟರೂ ಆ ಗೆರೆಯ ಒಂದೇ ಪಕ್ಕದಲ್ಲಿರಲಿ. ಆಚೆ ದಾಟಿದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದ ಉಳಿ ಮುಂದಿನ ಶಾಟ್‌ನಲ್ಲಿ ಬಲದಿಂದ ಎಡಕ್ಕೆ ಓಡುತ್ತದೆ.

ಕಥೆಯ ಕ್ರಮ ಬೇರೆ, ಶೂಟಿಂಗ್ ಕ್ರಮ ಬೇರೆ

ಒಂದೇ ಜಾಗದಿಂದ ತೆಗೆಯುವ ಶಾಟ್‌ಗಳನ್ನು ಒಟ್ಟಿಗೆ ಪಟ್ಟಿ ಮಾಡಿ. ಆದರೆ ಕೆತ್ತಿದ ಮರ ಮತ್ತೆ ಮೊದಲಿನ ತುಂಡಾಗಲ್ಲ. ಹಾಗಾಗಿ ಮೂರು ಬುಗುರಿ ಮಾಡಿಕೊಡಲು ಮೊದಲೇ ಕೇಳಿಕೊಳ್ಳಿ, ಅದಕ್ಕೆ ದುಡ್ಡೂ ಕೊಡಿ. ಮೊದಲನೆಯದಕ್ಕೆ ವೈಡ್ (ದೂರದಿಂದ ಪೂರ್ತಿ ನೋಟ), ಎರಡನೆಯದಕ್ಕೆ ಮಿಡ್, ಮೂರನೆಯದಕ್ಕೆ ಕ್ಲೋಸ್ ಅಪ್. ಮೂರಕ್ಕೂ ಬಣ್ಣ ಒಂದೇ, ಅವರ ಅಂಗಿಯೂ ಅದೇ ಇರಬೇಕು. ಶಾಟ್ ಮುಗಿದಂತೆ ಟಿಕ್ ಹಾಕುತ್ತಾ ಹೋಗಿ.

ಕರೆಂಟ್ ಹೋದರೆ ಲೇಥ್ ನಿಲ್ಲುತ್ತದೆ. ಆಗಲೂ ತೆಗೆಯಬಹುದಾದ ಶಾಟ್‌ಗಳಿಗೆ ಪಟ್ಟಿಯಲ್ಲಿ ಒಂದು ನಕ್ಷತ್ರ ಹಾಕಿಟ್ಟಿರಿ. ಗಲಾಟೆ ಇಲ್ಲದಾಗ ಅವರ ಮಾತು ಚೆನ್ನಾಗಿ ರೆಕಾರ್ಡ್ ಆಗುತ್ತದೆ. ಕಿಟಕಿ ಬಳಿಯ ಗೊಂಬೆ ಸಾಲನ್ನೂ ಆಗಲೇ ತೆಗೆಯಿರಿ.