ಹರಿಹರಕ್ಕೆ ಬಂದರೆ ಒಂದು ರಾತ್ರಿ ಉಳಿಯಿರಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟವರು ದಾವಣಗೆರೆಯಲ್ಲಿ ದೋಸೆ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ತುಂಗಭದ್ರೆಯ ಸೇತುವೆ ದಾಟಿರುತ್ತಾರೆ. ಸೇತುವೆಯ ಈಚೆಗೆ ಹರಿಹರ, ದಾವಣಗೆರೆ ಜಿಲ್ಲೆ. ಆಚೆಗೆ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಈಚೆ ದಡದಲ್ಲಿ ಹೊಯ್ಸಳರ ಕಾಲದ ಗುಡಿ, ಆಚೆಗೆ ಕೃಷ್ಣಮೃಗಗಳ ಬಯಲು. ಎರಡನ್ನೂ ನೋಡಬೇಕಾದರೆ ಒಂದು ಸಂಜೆ ಮತ್ತು ಒಂದು ಬೆಳಗಿನ ಜಾವ ಕೈಯಲ್ಲಿರಬೇಕು. ‘ಹಾದಿಯಲ್ಲಿ ಸಿಗುತ್ತದಲ್ಲ, ಇಳಿದು ನೋಡೋಣ’ ಎಂದು ನಡುಮಧ್ಯಾಹ್ನ ಇಳಿದವರಿಗೆ ಬಿಸಿಲು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಮೊದಲು ಕಾಲ ನೋಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಅನುಕೂಲ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬತ್ತಿ ಬಂಡೆ ಎದ್ದಿರುತ್ತವೆ, ಬಿಸಿಲಿಗೆ ಹೊರಗೆ ಕಾಲಿಡಲಾಗದು. ಜುಲೈ, ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದು ಮೇಲಿನ ಜಲಾಶಯಗಳಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ತುಂಬಿ ಬರುತ್ತದೆ. ನೋಡಲು ಅದು ಭರ್ಜರಿ ನೋಟವೇ. ಆದರೆ ತಗ್ಗಿನ ರಸ್ತೆಗಳು ಮುಳುಗುತ್ತವೆ. ಕರಿಬಸವೇಶ್ವರ ಅಜ್ಜಯ್ಯನ ಉಕ್ಕಡಗಾತ್ರಿಗೆ ಹೋಗುವ ಫತ್ತೇಪುರದ ರಸ್ತೆ ನೀರಿನಡಿಗೆ ಹೋದ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಉಕ್ಕಡಗಾತ್ರಿಗೂ ಹೋಗುವ ಮನಸ್ಸಿದ್ದರೆ ಅಮಾವಾಸ್ಯೆ ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಅವತ್ತಿನ ಜನಜಂಗುಳಿಯನ್ನೇ ನೋಡಬೇಕೆಂದಿದ್ದರೆ ಮಾತ್ರ ಅಮಾವಾಸ್ಯೆಗೇ ಹೋಗಿ.

ತಲುಪುವುದು, ಉಳಿಯುವುದು

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿ ದಾವಣಗೆರೆ ಆದಮೇಲೆ ಹರಿಹರ. ಎರಡೂ ಊರಿನ ನಡುವೆ 14 ಕಿಲೋಮೀಟರ್, ಬಸ್ಸಿಗೆ ಕೊರತೆಯಿಲ್ಲ. ಒಳ್ಳೆಯ ಲಾಡ್ಜ್ ಬೇಕೆಂದರೆ ದಾವಣಗೆರೆಯಲ್ಲಿ ಆಯ್ಕೆ ಹೆಚ್ಚು. ಆದರೂ ನನ್ನ ಸಲಹೆ ಹರಿಹರದಲ್ಲೇ ಉಳಿಯಿರಿ ಎಂದು. ಮಾರನೆಯ ದಿನ ಸೂರ್ಯ ಹುಟ್ಟುವ ಮೊದಲೇ ಹೊಳೆ ದಾಟಬೇಕಲ್ಲ, ಆಗ ಅರ್ಧ ಗಂಟೆ ನಿದ್ದೆ ಉಳಿಯುತ್ತದೆ. ಮಾರನೆಯ ಬೆಳಗಿನ ಕಾರನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿಕೊಳ್ಳಿ. ಬಯಲೊಳಗೆ ಸುತ್ತಲು ಬಸ್ಸು ನಂಬಿದರೆ ಆಗದು.

ಮೊದಲ ಸಂಜೆ: ಗುಡಿ, ಆಮೇಲೆ ಹೊಳೆ

ಹರಿಹರೇಶ್ವರ ಗುಡಿಗೆ ಬಿಸಿಲು ಇಳಿದಮೇಲೆ ಹೋಗಿ. ಮಧ್ಯಾಹ್ನ ಗರ್ಭಗುಡಿ ತೆರೆದಿರುತ್ತದೆಂದು ಲೆಕ್ಕ ಹಾಕಬೇಡಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಇದನ್ನು ಕಟ್ಟಿಸಿದ. ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮ ದಂಡನಾಯಕನೇ 1268ರಲ್ಲಿ ಇಲ್ಲಿಯೂ ಕೆಲಸ ಮಾಡಿಸಿದ್ದಾನೆ. ಒಳಗಿರುವುದು ಒಂದೇ ಮೂರ್ತಿ: ಅದರ ಬಲ ಅರ್ಧ ಹರ, ಎಡ ಅರ್ಧ ಹರಿ. ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು ಎಂಬುದು ಸ್ಥಳಪುರಾಣ. ಮೂರ್ತಿಯ ಎರಡು ಪಕ್ಕದ ಕೈಗಳನ್ನು, ಕಿರೀಟವನ್ನು ಹೋಲಿಸಿ ನೋಡಿ. ಅಲಂಕಾರ ಹೆಚ್ಚಿದ್ದ ದಿನ ಅಷ್ಟು ಸುಲಭಕ್ಕೆ ಕಾಣದು. ಅರ್ಚಕರನ್ನು ಕೇಳಿದರೆ ಮಂಗಳಾರತಿಯ ಬೆಳಕಿನಲ್ಲಿ ತೋರಿಸಿಯಾರು.

ಬೇಲೂರು, ಹಳೇಬೀಡನ್ನು ಕಣ್ಣಲ್ಲಿಟ್ಟುಕೊಂಡು ಬಂದವರಿಗೆ ಹೊರಗೋಡೆ ಸಪ್ಪೆ ಅನಿಸಬಹುದು. ಇಲ್ಲಿ ಹೊರಗೆ ಸುತ್ತುವುದಕ್ಕಿಂತ ಮಂಟಪದೊಳಗೆ ಹೆಚ್ಚು ಹೊತ್ತು ನಿಲ್ಲಬೇಕು. ಸಾಲುಸಾಲು ಕಂಬ, ಒಂದೊಂದರ ಮೇಲೂ ತಿರುಗಣೆಯಲ್ಲಿ ಕಡೆದ ಬಳೆಯಂಥ ಸುತ್ತು. ಓರೆ ಬೆಳಕು ಬಿದ್ದಾಗ ಮೈ ಮಿರುಗುತ್ತದೆ. ಈ ಕಂಬಗಳ ಮುಂದೆ ನಿಂತಾಗ ನನಗೆ ನೆನಪಾಗುವುದು ಕಿರ್ಲೋಸ್ಕರ್. 1941ರಲ್ಲಿ ಇದೇ ಊರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹೆಸರು ಮಾಡಿದ್ದು ಲೇತ್ ಯಂತ್ರಗಳಿಗೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ತಿರುಗಿಸಿ ಕಡೆಯುವ ವಿದ್ಯೆ ಮಾತ್ರ ಈ ಊರಿಗೆ ಎರಡು ಸಲ ಬಂತು, ಒಮ್ಮೆ ಕಲ್ಲಿಗೆ, ಒಮ್ಮೆ ಕಬ್ಬಿಣಕ್ಕೆ. ಗೈಡುಗಳು ಇದನ್ನು ಹೇಳುವುದಿಲ್ಲ, ನೀವೇ ನೆನಪಿಟ್ಟುಕೊಂಡು ನೋಡಿ.

ಅಲ್ಲಿಂದ ಹೊಳೆ ದಂಡೆಗೆ ನಡೆಯಿರಿ. ಕೂಡಲಿಯಲ್ಲಿ ಒಂದಾದ ತುಂಗೆ, ಭದ್ರೆ ಹೊನ್ನಾಳಿಯ ಮೇಲೆ ಹಾದು ಇಲ್ಲಿಗೆ ಬರುತ್ತವೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಹರಿಹರದ ಹತ್ತಿರವೇ ಹೊಳೆ ಸೇರುತ್ತದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಶೃಂಗೇರಿಯ ಕಡೆಗೆ ಸರಿ, ಇಲ್ಲಿ ಬೊಗಸೆಯೊಡ್ಡಿ ಕುಡಿಯುವ ಸಾಹಸ ಬೇಡ. ಈಜುವುದೂ ಬೇಡ. ಮರಳು ತೆಗೆದ ಕಡೆ ಗುಂಡಿ ಎಲ್ಲಿದೆ ಎಂದು ನೀರಿನ ಮೇಲಿಂದ ಗೊತ್ತಾಗುವುದಿಲ್ಲ, ಮೊಸಳೆ ಕಂಡ ಸುದ್ದಿಯೂ ಆಗಾಗ ಕೇಳಿಬರುತ್ತದೆ. ಮೆಟ್ಟಿಲ ಮೇಲೆ ಕೂತು ಮೀಂಚುಳ್ಳಿ, ನೀರುಕಾಗೆ ನೋಡಿದರೆ ಸಾಕು.

ಆಚೆ ದಡದಲ್ಲಿ ಕಾಣುವ ಚಿಮಣಿಗಳು ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯವು. ಮರದ ತಿರುಳಿನಿಂದ ಬಟ್ಟೆಯ ನಾರು ಮಾಡುವ ಉದ್ಯಮ ಅದು. ಹೊಳೆಯ ಮಾಲಿನ್ಯದ ವಿರುದ್ಧವೂ, ಸಮುದಾಯದ ಭೂಮಿಯಲ್ಲಿ ನೀಲಗಿರಿ ನೆಡುವುದರ ವಿರುದ್ಧವೂ 1980ರ ದಶಕದಲ್ಲಿ ಈ ಭಾಗದಲ್ಲಿ ದೊಡ್ಡ ಹೋರಾಟಗಳೇ ನಡೆದವು. ನೀಲಗಿರಿಯ ಈ ಕಥೆ ಮಾರನೆಯ ಬೆಳಿಗ್ಗೆಯೂ ಎದುರಾಗುತ್ತದೆ.

ಮಾರನೆಯ ಬೆಳಗು: ಚಿಗರಿ

ಕೃಷ್ಣಮೃಗಕ್ಕೆ ಈ ಕಡೆ ಚಿಗರಿ ಎನ್ನುತ್ತಾರೆ. ಐದೂವರೆಗೆ ಹೊರಡಿ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್ ವಿಸ್ತಾರ. ಹುಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂದು ಮೂರು ತುಂಡಾಗಿ ಹರಡಿಕೊಂಡಿದೆ. ಒಳಗೆ ಹೋಗುವ ಮುನ್ನ ರಾಣೆಬೆನ್ನೂರಿನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು. ಇದನ್ನೂ ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿ ಮುಗಿಸಿಡಿ.

ದಟ್ಟ ಕಾಡು, ತೆರೆದ ಜೀಪು ಎಂದೆಲ್ಲ ಕಲ್ಪಿಸಿಕೊಂಡಿದ್ದರೆ ಇಲ್ಲೇ ಬಿಟ್ಟುಬಿಡಿ. ಇದು ಕುರುಚಲು ಮತ್ತು ನೀಲಗಿರಿ ನೆಡುತೋಪಿನ ಸೀಮೆ. ತೋಪಿನೊಳಗೆ ಹುಡುಕುವುದಕ್ಕಿಂತ ಅಂಚಿನ ಹುಲ್ಲುಬಯಲು, ಹೊಲಗಳ ಕಡೆ ಕಣ್ಣಿಡಿ. ಎದುರಾದ ರೈತರನ್ನು ‘ಚಿಗರಿ ಎಲ್ಲ್ಯದಾವ್ರಿ ಅಣ್ಣಾರ?’ ಎಂದು ಕೇಳಿ, ಕೈ ಮಾಡಿ ತೋರಿಸುತ್ತಾರೆ. ಜತೆಗೆ ಮೆಕ್ಕೆಜೋಳ ಮೇಯ್ದು ಹಾಳುಮಾಡಿದ ಸಂಕಟವನ್ನೂ ಹೇಳುತ್ತಾರೆ. ಅದನ್ನೂ ಕೇಳಿಸಿಕೊಳ್ಳಿ, ಚಿಗರಿಗಳನ್ನು ಸಾಕುತ್ತಿರುವುದು ಆ ಹೊಲಗಳೂ ಹೌದು.

ಹಿಂಡು ಕಂಡ ಕೂಡಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ತೆರೆಯದೆ ಕೂತುಬಿಡಿ. ಕಾರಿಗೆ ಅವು ಅಷ್ಟಾಗಿ ಅಂಜುವುದಿಲ್ಲ, ಇಳಿದು ನಡೆದು ಬರುವ ಮನುಷ್ಯನನ್ನು ಕಂಡರೆ ಓಟ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುರುಳಿ ಕೊಂಬು ಇದ್ದರೆ ಪ್ರಾಯದ ಗಂಡು. ಹೆಣ್ಣು ಕಂದು ಬಣ್ಣದ್ದು, ಎಳೆಯ ಗಂಡೂ ಕಂದೇ, ಆದರೆ ಅದಕ್ಕೆ ಕೊಂಬು ಮೂಡಿರುತ್ತದೆ. ಒಂಟಿ ಗಂಡೊಂದು ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೊರಗಿಸಿ ಬಿಗುಮಾನದಿಂದ ಹೆಜ್ಜೆ ಹಾಕುತ್ತಿದ್ದರೆ ಅದು ತನ್ನ ಜಾಗ ಕಾಯುತ್ತಿದೆ ಎಂದರ್ಥ. ಅಲ್ಲೇ ತಾಳ್ಮೆಯಿಂದ ಕಾದರೆ ಎದುರಾಳಿ ಬಂದು ಕೊಂಬು ಕೊಂಬು ತಾಗುವುದೂ ಉಂಟು. ಎಂಟೂವರೆ ದಾಟಿದರೆ ಒಂದೊಂದಾಗಿ ನೆರಳಿಗೆ ಸರಿಯುತ್ತವೆ.

ಎರೆಭೂತ ಎಂಬ ದೊಡ್ಡ ಹಕ್ಕಿಗೂ ಒಂದು ಕಾಲಕ್ಕೆ ಇದೇ ನೆಲೆಯಾಗಿತ್ತು. ಅದಕ್ಕೆ ಬೇಕಾದದ್ದು ಬರೀ ಹುಲ್ಲುಬಯಲು. ಬಯಲಲ್ಲಿ ನೀಲಗಿರಿ ಎದ್ದಿತು. ಈಗ ಆ ಹಕ್ಕಿಯನ್ನು ಹುಡುಕಿಕೊಂಡು ಇಲ್ಲಿಗೆ ಬರುವುದರಲ್ಲಿ ಅರ್ಥವಿಲ್ಲ.

ಹಸಿವಾದಾಗ

ದಾವಣಗೆರೆಗೆ ವಾಪಸ್ಸಾಗಿ. ಬೆಣ್ಣೆ ದೋಸೆಯನ್ನು ಕಟ್ಟಿಗೆ ಒಲೆಯ ಕಾವಲಿಯಲ್ಲಿ ಹುಯ್ಯುವ ಹೋಟೆಲನ್ನೇ ಹುಡುಕಿ. ಮೆತ್ತಗೆ ಬೇಕೆಂದರೆ ಬೆಣ್ಣೆ ಖಾಲಿ ದೋಸೆ ಹೇಳಿ. ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಬರುತ್ತದೆ, ಸಾಂಬಾರಿಗೆ ಕಾಯಬೇಡಿ. ಮಂಡಕ್ಕಿ, ಮಿರ್ಚಿ ಸಂಜೆಗೆ.

ಇನ್ನೊಂದು ದಿನ ಇದ್ದರೆ

ಮಕ್ಕಳಿದ್ದರೆ ಕೊಂಡಜ್ಜಿ ಕೆರೆ, ಆನಗೋಡಿನ ಕಿರು ಮೃಗಾಲಯ. ಹಕ್ಕಿ ನೋಡುವವರಿಗೆ ಚಳಿಗಾಲದ ಕುಂದವಾಡ ಕೆರೆ.

ಕಾಡಿನ ಹುಚ್ಚಿದ್ದವರು ಮಾತ್ರ ಜಗಳೂರು ಕಡೆಯ ರಂಗಯ್ಯನದುರ್ಗಕ್ಕೆ ಹೋಗಿ. 2011ರಲ್ಲಿ ಕೊಂಡುಕುರಿಗಾಗಿಯೇ ಘೋಷಿಸಿದ ವನ್ಯಜೀವಿಧಾಮ ಅದು. ಜಗತ್ತಿನ ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರುವುದು ಇದೊಂದಕ್ಕೇ, ಅದೂ ಗಂಡಿಗೆ ಮಾತ್ರ. ಮುಂದಿನ ಜೋಡಿ ಕೊಂಬು ಎಷ್ಟು ಗಿಡ್ಡವೆಂದರೆ ದೂರದಿಂದ ಕಾಣುವುದೇ ಇಲ್ಲ. ಚಿಗರಿಯಂತೆ ಹಿಂಡು ಕಟ್ಟದೆ ಒಂಟಿಯಾಗಿ, ಇಲ್ಲವೇ ಜೋಡಿಯಾಗಿ ಪೊದೆಗಳ ನಡುವೆ ಓಡಾಡುತ್ತದೆ, ಸಪ್ಪಳವಾದರೆ ಸಾಕು, ಮಾಯ. ಹಿಕ್ಕೆ ಹಾಕಲು ಮಾತ್ರ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಅಭ್ಯಾಸ ಅದಕ್ಕಿದೆ. ಆ ಗುಡ್ಡೆಯನ್ನು ಗುರುತಿಸಬಲ್ಲ ಅರಣ್ಯ ವೀಕ್ಷಕರು ಜತೆಗಿರಬೇಕು. ಕರಡಿಯೂ ಚಿರತೆಯೂ ಇರುವ ಕಾಡಾದ್ದರಿಂದ ಇಲಾಖೆಯ ಅನುಮತಿಯಿಲ್ಲದೆ, ಅವರ ಜನ ಜತೆಯಲ್ಲಿಲ್ಲದೆ ಕಾಲಿಡಬೇಡಿ. ಜಗಳೂರು ದಾಟಿದಮೇಲೆ ಹೋಟೆಲು ಸಿಗುವುದು ಕಷ್ಟ, ನೀರು, ಬುತ್ತಿ ಕಟ್ಟಿಸಿಕೊಂಡೇ ಹೊರಡಿ.