ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗೆ ಪೌತಿ ಖಾತೆ ಮಾಡಿಸುವ ಬಗೆ

ಜಮೀನಿನ ಒಡೆಯರು ತೀರಿಕೊಂಡು ವರ್ಷಗಳೇ ಕಳೆದರೂ ಪಹಣಿ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಉಳುಮೆಗೆ ಇದರಿಂದ ಅಡ್ಡಿಯಿಲ್ಲವಾದ್ದರಿಂದ ಯಾರೂ ಗಮನ ಕೊಡುವುದಿಲ್ಲ. ಬೆಳೆಸಾಲಕ್ಕೋ ಬೆಳೆಹಾನಿ ಪರಿಹಾರಕ್ಕೋ ಅರ್ಜಿ ಹಾಕುವ ದಿನ, ತಲೆಮಾರುಗಳಿಂದ ಉತ್ತ ಹೊಲದ ಕಾಗದದಲ್ಲಿ ನಮ್ಮ ಹೆಸರೇ ಇಲ್ಲವೆಂಬುದು ಅರಿವಾಗುತ್ತದೆ. ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದೇ ಪೌತಿ ಖಾತೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 128ನೇ ಕಲಮಿನಂತೆ ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕು. ತಡವಾಯಿತೆಂದು ಹಕ್ಕೇನೂ ಹೋಗುವುದಿಲ್ಲ, ಆದರೆ ದಿನ ಕಳೆದಂತೆ ವಾರಸುದಾರರು ಕವಲೊಡೆದು ಎಲ್ಲರ ಸಹಿ ಕೂಡಿಸುವುದೇ ಕಷ್ಟವಾಗುತ್ತದೆ.

ಮೊದಲು ಹೊಸ ಪಹಣಿಯೊಂದನ್ನು ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲದ ನಮೂದು ಉಳಿದಿದೆಯೇ ಎಂದು ನೋಡಿ. ಮರಣ ಪ್ರಮಾಣಪತ್ರವನ್ನು ಅದರ ಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಪಹಣಿಯಲ್ಲಿ ‘ಅಪ್ಪ’ ಎಂದು ಮುಗಿಯುತ್ತಿದ್ದ ನಮ್ಮ ಅಜ್ಜನ ಹೆಸರು ಮರಣ ಪ್ರಮಾಣಪತ್ರದಲ್ಲಿ ‘ಅಯ್ಯ’ ಎಂದಾಗಿತ್ತು. ಅಷ್ಟಕ್ಕೇ ಅರ್ಜಿ ವಾಪಸು ಬಂದು, ನಮ್ಮ ತಂದೆ ಒಂದು ಮುಂಗಾರನ್ನೇ ಕಚೇರಿಯ ಬಾಗಿಲಲ್ಲಿ ಕಳೆದರು.

ಮುಂದಿನದು ನಾಡಕಚೇರಿಯಲ್ಲಿ ಪಡೆಯಬೇಕಾದ ವಂಶವೃಕ್ಷ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಇದರಲ್ಲಿ ಬಿಟ್ಟುಬಿಡುವ ರೂಢಿ ಇಂದಿಗೂ ಇದೆ. ಅದು ಒಡಹುಟ್ಟಿದವರಿಗೆ ಮಾಡುವ ಅನ್ಯಾಯ, ಮುಂದೆ ಕೋರ್ಟಿನ ದಾವೆಗೂ ಅದೇ ಬೀಜ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅಕ್ಕತಂಗಿಯರು ಸ್ವಇಚ್ಛೆಯಿಂದ ಪಾಲು ಬಿಡುವುದಾದರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕವೇ ಆಗಲಿ, ಬಾಯಿಮಾತಿನಲ್ಲಿ ಬೇಡ.

ಈ ದಾಖಲೆಗಳೊಂದಿಗೆ ಪೌತಿ ಖಾತೆಯ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ. ಆಕ್ಷೇಪಣೆಗೆ ನೋಟಿಸು ಹೊರಡುತ್ತದೆ. ತಕರಾರು ಬಂದರೆ ವಿಚಾರಣೆಯಾಗುತ್ತದೆ; ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಪಹಣಿಗೆ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಸಿದ್ಧವಾಗುವುದಿಲ್ಲ. ಭೂ ಕಂದಾಯ ಅಧಿನಿಯಮದ 133ನೇ ಕಲಮಿನಂತೆ ಆ ನಮೂದು, ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ನಿಜ. ಒಡೆತನದ ಪ್ರಶ್ನೆಯನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಜಂಟಿ ಖಾತೆಯೆಂದರೆ ಪಾಲಾಯಿತೆಂದೂ ಅಲ್ಲ; ಅದಕ್ಕೆ ವಿಭಾಗ ಪತ್ರ ನೋಂದಾಯಿಸಿ, ಅಳತೆ ಮಾಡಿಸಿ, ಪೋಡಿ (ಪ್ರತಿ ಪಾಲಿಗೂ ಪ್ರತ್ಯೇಕ ಸರ್ವೆ ಸಂಖ್ಯೆ ಕೊಡುವುದು) ಆಗಬೇಕು.

ಹೊಸ ಪಹಣಿ ಕೈಗೆ ಬಂದ ದಿನವೇ ಪ್ರತಿಯೊಬ್ಬರ ಹೆಸರನ್ನೂ ವಿಸ್ತೀರ್ಣದ ಎಕರೆ, ಗುಂಟೆಗಳನ್ನೂ ಓದಿ ನೋಡಿ, ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ) ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.