ಏರು, ಇಳಿಜಾರು, ಮರಳು: ಪವರ್ ವೀಲ್‌ಚೇರ್ ಓಡಿಸುವ ನನ್ನ ಕ್ರಮ

ನೆಲ ಬದಲಾಗುವ ಮುಂಚೆ, ಸಮತಟ್ಟಾದ ಜಾಗದಲ್ಲಿ ನಿಂತೇ ವೇಗ ಮತ್ತು ಸೀಟನ್ನು ಹೊಂದಿಸಿಕೊಳ್ಳುತ್ತೇನೆ. ಎತ್ತರಿಸಿದ ಸೀಟನ್ನು ಪೂರ್ತಿ ಇಳಿಸಿ ಬೆಲ್ಟ್ ಬಿಗಿಯುತ್ತೇನೆ. ಏರಿನ ನಡುವೆ ಬಟನ್ ಹುಡುಕುತ್ತ ಕೂರಲಾಗದು.

ಮೋಟರ್ ತಿರುಗಿಸುವ ದೊಡ್ಡ ಚಕ್ರ ಎಲ್ಲಿದೆ ಎಂಬುದರ ಮೇಲೆ ಮಿಕ್ಕೆಲ್ಲ ನಿಂತಿದೆ. ಅದು ಹಿಂದಿದ್ದರೆ ಕುರ್ಚಿ ನೇರ ದಾರಿಯಲ್ಲಿ ಸ್ಥಿರ, ಆದರೆ ಕಡಿದಾದ ಏರಿನಲ್ಲಿ ಮುಂಭಾಗ ಹಗುರಾಗಿ ಹಿಂದಕ್ಕೆ ಮಗುಚುವ ಭಯ. ಹಾಗೆ ಮಗುಚದಂತೆ ತಡೆಯುವ ಹಿಂಬದಿಯ ಪುಟ್ಟ ಆಂಟಿ-ಟಿಪ್ಪರ್ ಚಕ್ರಗಳನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಚಕ್ರ ಮುಂದಿದ್ದರೆ ಅಡೆತಡೆ ಸಲೀಸಾಗಿ ಹತ್ತುತ್ತದೆ. ವೇಗದಲ್ಲಿ ತಿರುಗಿಸಿದರೆ ಮಾತ್ರ ಹಿಂಭಾಗ ಬೀಸುತ್ತದೆ. ನಡುವೆ ಇದ್ದರೆ ಇಕ್ಕಟ್ಟಿನಲ್ಲಿ ಬಹಳ ಅನುಕೂಲ, ಆದರೆ ರ‍್ಯಾಂಪ್ ಶುರುವಾಗುವ ತಗ್ಗಿನಲ್ಲಿ ಮುಂದಿನ ಮತ್ತು ಹಿಂದಿನ ಪುಟ್ಟ ಚಕ್ರಗಳ ಮೇಲೆ ಭಾರ ಕೂತು ಮಧ್ಯದ ಚಕ್ರ ಸುಮ್ಮನೆ ಸುತ್ತಬಹುದು.

ರ‍್ಯಾಂಪಿಗೆ 1:12 ಒಳ್ಳೆಯ ಅಳತೆ: 30 ಸೆಂ.ಮೀ. ಎತ್ತರಕ್ಕೆ 360 ಸೆಂ.ಮೀ. ಉದ್ದ. ಏರುವಾಗ ಬೆನ್ನೊರಗು ನೆಟ್ಟಗಿರಲಿ, ಆದರೆ ಮೈ ತುಸು ಮುಂದಕ್ಕೆ ಬಾಗಲಿ. ಇಳಿಯುವಾಗ ಬೆನ್ನು ಒರಗಿಸಿ, ಅತಿ ಕಡಿಮೆ ವೇಗದಲ್ಲಿ ಇಳಿಯುತ್ತೇನೆ. ನಿಲ್ಲಬೇಕೆಂದರೆ ಕುರ್ಚಿ ಓಡಿಸುವ ಕೈಹಿಡಿಯನ್ನು, ಅಂದರೆ ಜಾಯ್‌ಸ್ಟಿಕ್ಕನ್ನು, ಮೆಲ್ಲಗೆ ನಡುವಿಗೆ ತರಬೇಕು. ಪವರ್ ಬಟನ್ ಒತ್ತಿ ನಿಲ್ಲಿಸಿದರೆ ಬ್ರೇಕ್ ಗಕ್ಕನೆ ಹಿಡಿದು ಕೂತವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಕುರ್ಚಿ ತಾನಾಗಿ ಓಡತೊಡಗಿದರಷ್ಟೇ ಅದನ್ನು ಬಳಸಿ. ಇಳಿಜಾರಿನಲ್ಲಿ ಓರೆಯಾಗಿ ಸಾಗುವುದು, ಅರ್ಧಕ್ಕೆ ತಿರುಗುವುದು ಎರಡೂ ಅಪಾಯ, ಪಕ್ಕಕ್ಕೆ ಮಗುಚುವುದು ಅಲ್ಲೇ. ನೆರವಿಗೆ ಬಂದವರು ಚಕ್ರದಿಂದ ಮೋಟರ್ ಬಿಡಿಸುವ ಲಿವರ್ ಮುಟ್ಟದಂತೆ ಮೊದಲೇ ಹೇಳಿಡಿ: ಅದು ಬಿಟ್ಟಿತೆಂದರೆ ಬ್ರೇಕೇ ಇಲ್ಲ.

ಹೊಸ್ತಿಲು, ಫುಟ್‌ಪಾತ್ ಅಂಚಿಗೆ ನೇರವಾಗಿ, 90 ಡಿಗ್ರಿಯಲ್ಲಿ ಹೋಗಿ. ಒಂದು ಚಕ್ರ ಮಾತ್ರ ಹತ್ತಿದರೆ ಕುರ್ಚಿ ತಿರುಚಿಕೊಳ್ಳುತ್ತದೆ. ಎಷ್ಟು ಎತ್ತರ ಹತ್ತಬಹುದೆಂದು ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ.

ಮರಳು, ಜಲ್ಲಿಯಲ್ಲಿ ಹೂತುಹೋಗುವುದು ಪುಟ್ಟ ಚಕ್ರಗಳು. ನಿಂತಲ್ಲೇ ತಿರುಗಿಸಿದರೆ ಅವು ಅಡ್ಡಲಾಗಿ ನೆಲ ತೋಡುತ್ತವೆ. ಹಾಗಾಗಿ ನಿಲ್ಲದೆ, ಒಂದೇ ನಿಧಾನ ವೇಗದಲ್ಲಿ, ದೊಡ್ಡ ಸುತ್ತು ತೆಗೆದುಕೊಳ್ಳುತ್ತೇನೆ. ಸಿಕ್ಕಿಕೊಂಡರೆ ಜಾಯ್‌ಸ್ಟಿಕ್ ಮುಂದೊತ್ತಿ ಹೆಣಗಬೇಡಿ, ಪ್ರತಿ ಸುತ್ತಿಗೂ ಗುಂಡಿ ಆಳವಾಗುತ್ತದೆ. ಬಂದ ಗುರುತಿನಲ್ಲೇ ಹಿಂದಕ್ಕೆ ತೆಗೆಯಿರಿ. ಹೆಣಗಾಟದಲ್ಲಿ ಮೋಟರ್ ಮತ್ತು ಅದಕ್ಕೆ ಕರೆಂಟ್ ಹಂಚುವ ಕಂಟ್ರೋಲರ್ ಬಿಸಿಯಾದರೆ ಶಕ್ತಿ ತಾನಾಗಿ ಇಳಿಯುತ್ತದೆ. ತಣಿಯುವವರೆಗೆ ಕಾಯುವುದೊಂದೇ ದಾರಿ.

ಒದ್ದೆ ಎಲೆ, ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗಿಸದೆ ನೇರ ದಾಟಿ. ಜಾಯ್‌ಸ್ಟಿಕ್ ಬುಡದ ರಬ್ಬರ್ ಹರಿದಿದ್ದರೆ ಮಳೆಗೆ ಹೊರಡಲೇಬೇಡಿ. ಕುರ್ಚಿ ಒಂದೇ ಕಡೆ ಎಳೆಯುತ್ತಿದ್ದರೆ ಮೊದಲು ಎರಡೂ ಟೈರುಗಳ ಗಾಳಿ ನೋಡಿ.

ಬ್ಯಾಟರಿಯ ಲೆಕ್ಕವೂ ನೆಲದ ಮೇಲೇ. ಏರು ಮತ್ತು ಮರಳು ಸಮತಟ್ಟಿಗಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತವೆ. ಇಳಿಯುವಾಗ ಮೋಟರ್ ತಡೆಯುವ ಶಕ್ತಿ ಬ್ಯಾಟರಿಗೇ ಮರಳುತ್ತದೆ. ಆಗಷ್ಟೇ ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಉದ್ದದ ಇಳಿಜಾರಿಗಿಳಿದರೆ ವೋಲ್ಟೇಜ್ ಮಿತಿ ಮೀರಿ ಕಂಟ್ರೋಲರ್ ಎಚ್ಚರಿಕೆ ಕೊಡಬಹುದು. ಅಂಥ ದಿನ ಮೊದಲು ಸಮತಟ್ಟಿನಲ್ಲಿ ಸ್ವಲ್ಪ ದೂರ ಓಡಿಸಿ, ಆಮೇಲೆ ಇಳಿಯುತ್ತೇನೆ.